ಆ ಹುಡುಗನ ಕಾರ್ಡುಗಳಲ್ಲಿ 'ಬೇಡ' ಇರಲೇ ಇಲ್ಲ

ಹೆಸರು, ಊರು, ವಯಸ್ಸು ಎಲ್ಲ ಬದಲಿಸಿ ಬರೆಯುತ್ತಿದ್ದೇನೆ. ಹುಡುಗನನ್ನು ಪುಟ್ಟ ಅಂತ ಕರೆಯೋಣ. ಆರು ವರ್ಷ, ಮಾತು ಇನ್ನೂ ಸರಿಯಾಗಿ ಬಂದಿಲ್ಲ, ಬೇಕಾದ್ದನ್ನ ಚಿತ್ರದ ಕಾರ್ಡು ತೋರಿಸಿ ಹೇಳುತ್ತಿದ್ದ. ವಾರಕ್ಕೆ ಎರಡು ದಿನ ಒಂದು ಥೆರಪಿ ಸೆಂಟರ್‌ಗೆ ಹೋಗುತ್ತಿದ್ದ. ಅಮ್ಮ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು, ಒಳಗೆ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ. "ನೀವಿದ್ರೆ ಅವನು ಗಮನ ಕೊಡಲ್ಲ" ಅಂದಿದ್ದರಂತೆ. ಈ ಮಾತು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಅಮ್ಮ ಪಕ್ಕದಲ್ಲಿದ್ದರೆ ಎಷ್ಟೋ ಮಕ್ಕಳು ಕೆಲಸ ಮಾಡುವುದೇ ಇಲ್ಲ. ನಾನೂ ಪೋಷಕರಿಗೆ ಹಾಗೇ ಹೇಳಿದ್ದೇನೆ.

ಆ ತಾಯಿ ನನ್ನ ಹತ್ತಿರ ಬಂದಿದ್ದು ನಿದ್ದೆಯ ತೊಂದರೆ ಅಂತ. ಮಾತಾಡುತ್ತಾ ಒಂದೊಂದೇ ಹೊರಗೆ ಬಂತು. ಥೆರಪಿ ದಿನ ಬೆಳಗ್ಗೆ ಶೂ ಹಾಕಿಸಿಕೊಳ್ಳಲ್ಲ. ಸ್ನಾನಕ್ಕೆ ಕರೆದರೆ ಚಡ್ಡಿಯ ಎಲಾಸ್ಟಿಕ್ಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ, ಬೆರಳು ಬಿಡಿಸೋಕೆ ಆಗಲ್ಲ. ಕೊನೆಗೆ ಒಂದು ರಾತ್ರಿ ಥೆರಪಿಸ್ಟ್ ಫೋಟೋ ಇರುವ ಕಾರ್ಡ್ ತೋರಿಸಿ, ಚಡ್ಡಿ ಮುಟ್ಟಿಕೊಂಡು, ತುಟಿ ಮೇಲೆ ಬೆರಳಿಟ್ಟು "ಶ್" ಅಂದನಂತೆ.

ಅಮ್ಮ ಬಟ್ಟೆ ಚೀಲದಿಂದ ಅವನ ಕಾರ್ಡುಗಳನ್ನು ತೆಗೆದು ಟೇಬಲ್ ಮೇಲೆ ಹರಡಿದರು. ನೀರು, ಚಪಾತಿ, ಬಾಲ್, ಸುಸ್ಸು, ಕೂತ್ಕೋ, ಕೈ ಕೆಳಗೆ. ಒಟ್ಟು 24 ಕಾರ್ಡ್. 'ಬೇಡ' ಇಲ್ಲ. 'ನೋವು' ಇಲ್ಲ. "ಅಲ್ಲಿಗೆ ಹೋದ ಮೇಲೆ ತುಂಬಾ ಗುಡ್ ಬಾಯ್ ಆಗಿದ್ದ ಮೇಡಂ, ಹೇಳಿದ್ದೆಲ್ಲ ಕೇಳ್ತಿದ್ದ" ಅಂದರು. ನಾವು ಥೆರಪಿಯವರು ಮಕ್ಕಳಿಗೆ ಮೊದಲು ಕಲಿಸುವುದೇ ಹೇಳಿದ್ದು ಕೇಳುವುದನ್ನ, ಅಲ್ವಾ? ಅದನ್ನೇ ಸಾಧನೆ ಅಂತ ರಿಪೋರ್ಟಲ್ಲಿ ಬೇರೆ ಬರೆಯುತ್ತೇವೆ.

"ನೀವೇ ಒಂದ್ಸಲ ಅವನನ್ನ ಕೇಳಿ ನೋಡಿ, ನಿಜಾನಾ ಅಂತ" ಅಂದರು. ನಾನು ಕೇಳಲಿಲ್ಲ. ನಾನು, ಅಜ್ಜಿ, ಅತ್ತೆ, ಆಮೇಲೆ ಪೊಲೀಸರು, ಹೀಗೆ ಹತ್ತು ಜನ ಕೇಳಿದರೆ ಮಗು ಎದುರಿನವರ ಮುಖ ನೋಡಿಕೊಂಡು ಉತ್ತರ ಕೊಡೋಕೆ ಶುರು ಮಾಡುತ್ತೆ. ನೀವು ನೋಡಿದ್ದನ್ನ ತಾರೀಖು, ಹೊತ್ತು ಹಾಕಿ ಬರೆದಿಡಿ, ಅವನು ಮಾಡಿದ ಸನ್ನೆಯನ್ನ ಹಾಗೇ ಬರೆಯಿರಿ, ನಿಮ್ಮ ಅರ್ಥ ಸೇರಿಸಬೇಡಿ ಅಂದೆ. ಸೆಂಟರ್‌ಗೆ ಹೋಗಿ ಜಗಳ ಮಾಡಬೇಡಿ, ಫೋನೂ ಬೇಡ. ನಾಳೆಯಿಂದ ಮಗುವನ್ನ ಕಳಿಸಬೇಡಿ. ಮಗುವಿಗೆ ಮಾತ್ರ ಒಂದು ಮಾತು ಸಾಕು: "ನೀನು ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ."

ಆಮೇಲೆ ಹೇಳಲು ಕಷ್ಟವಾದ ಮಾತು. ಇದನ್ನ ನಾನು ಗುಟ್ಟಾಗಿ ಇಡೋಕೆ ಆಗಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ, 2012ರ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ತಿಳಿಸಲೇಬೇಕು, ಸಲಹೆಗಾರರಿಗೂ ವಿನಾಯಿತಿ ಇಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕೋಕೆ ಬರಲ್ಲ. ಸಾಬೀತು ಮಾಡುವುದು ನಮ್ಮ ಕೆಲಸ ಅಲ್ಲ.

ಮರುದಿನ ಅಪ್ಪನೂ ಬಂದರು. "ಗಂಡು ಹುಡುಗ, ಅವನಿಗೇನಾಗುತ್ತೆ ಮೇಡಂ, ಸುಮ್ನೆ ಸೆಂಟರ್ ಬಿಡಿಸಿದ್ರೆ ಆಯ್ತಲ್ಲ." ಈ ಕಾನೂನಿನಲ್ಲಿ ಗಂಡು ಹೆಣ್ಣು ಭೇದ ಇಲ್ಲ ಅಂದೆ. ಅವರ ಭಯ ಬೇರೆಯೇ ಇತ್ತು: ಖಾಕಿ ಹಾಕಿದವರು ಮನೆ ಮುಂದೆ ನಿಂತರೆ ಬೀದಿಯವರೆಲ್ಲ ಬಂದು ನೋಡುತ್ತಾರೆ. ಹಾಗಾಗಲ್ಲ ಅಂತ ವಿವರಿಸಿದೆ: ಮಗುವಿನ ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಆದಷ್ಟು ಮಹಿಳಾ ಅಧಿಕಾರಿಯೇ ಬರಬೇಕು, ಮಗು ಇರುವಲ್ಲಿಗೇ. ಪುಟ್ಟನಂಥವನ ಸನ್ನೆ ಅರ್ಥ ಮಾಡಿಕೊಳ್ಳಲು ವಿಶೇಷ ಶಿಕ್ಷಕರ ನೆರವನ್ನೂ ಕೇಳಬಹುದು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಟೇಬಲ್ಲಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು, ಮೂವರೂ ಕೂತು.

ಊರಲ್ಲಿ ಬೇರೆ ಸ್ಪೀಚ್ ಥೆರಪಿ ಇಲ್ಲ ಅನ್ನುವ ಚಿಂತೆಯೂ ಸಣ್ಣದಲ್ಲ. ಮೈಸೂರಿನ ಆಯಿಷ್, ಅಂದರೆ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟೆ. ಮನೆಯಲ್ಲಿ ಅಮ್ಮನೇ ಮಾಡಿಸುವಂಥ ಅಭ್ಯಾಸಗಳನ್ನ ಅಲ್ಲಿ ಕಲಿತು ಬಂದರು. ಕೇಸು ವಿಶೇಷ ನ್ಯಾಯಾಲಯದಲ್ಲಿದೆ, ಅದರ ಬಗ್ಗೆ ಇಷ್ಟೇ.

ಅವರು ಹೋದ ಸಂಜೆ ನನ್ನ ಕೋಣೆಯ ಬಾಗಿಲು ನೋಡಿದೆ. ಗಾಜು ಇದೆ, ಆದರೆ ಅದಕ್ಕೆ ನಾನೇ ಪರದೆ ಹಾಕಿದ್ದೆ, ಮಕ್ಕಳ ಗಮನ ಹೋಗದಿರಲಿ ಅಂತ. ತೆಗೆದೆ. ಈಗ ಪೋಷಕರು ಯಾವಾಗ ಬೇಕಾದರೂ ಇಣುಕಬಹುದು, ಕೇಳಬೇಕಾಗಿಲ್ಲ. ಟಾಯ್ಲೆಟ್‌ಗೆ ಮನೆಯವರೇ ಕರೆದುಕೊಂಡು ಹೋಗುತ್ತಾರೆ. ಥೆರಪಿಸ್ಟರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ನಂಬರ್ ನೋಡುತ್ತೇನೆ, ಹಿಂದೆ ಕೆಲಸ ಮಾಡಿದ ಕಡೆಗೆ ನಾನೇ ಫೋನ್ ಮಾಡುತ್ತೇನೆ, ಪೊಲೀಸ್ ಪರಿಶೀಲನೆ ಆಗುವವರೆಗೆ ಮಗುವಿನ ಜೊತೆ ಬಿಡಲ್ಲ. ಇದರಿಂದ ಬೇಜಾರಾಗಿ ಒಬ್ಬರು ಕೆಲಸ ಬೇಡ ಅಂದರು. ಅಂದರೆ ಅನ್ನಲಿ.

ಪುಟ್ಟನಿಗೆ ಕೆಂಪು ಬಣ್ಣದ 'ಬೇಡ' ಕಾರ್ಡ್ ಮಾಡಿಕೊಟ್ಟೆವು. ಹದಿನೈದು ದಿನಕ್ಕೆ ಅಮ್ಮನ ಫೋನು: "ಮೇಡಂ, ಉಪ್ಪಿಟ್ಟಿಗೂ ಬೇಡ, ಸ್ನಾನಕ್ಕೂ ಬೇಡ, ಏನ್ಮಾಡ್ಲಿ?" ಉಪ್ಪಿಟ್ಟಿನ ವಿಷಯದಲ್ಲಿ ನಾನು ಅವನ ಕಡೆ. ಸ್ನಾನ ಬಿಡೋಕೆ ಆಗಲ್ಲ, ಆದರೆ ಯಾರು ನೀರು ಹಾಕಬೇಕು, ಚಡ್ಡಿ ಯಾವಾಗ ತೆಗೆಯಬೇಕು ಅನ್ನೋದನ್ನ ಅವನಿಗೇ ಬಿಡಿ ಅಂದೆ. ಈಗ ಚಡ್ಡಿ ಹಾಕಿಕೊಂಡೇ ಎರಡು ಚೊಂಬು ನೀರು ಹೊಯ್ದುಕೊಳ್ಳುತ್ತಾನಂತೆ, ಆಮೇಲೆ ತಾನೇ ತೆಗೆದು ಬಕೆಟ್ ಹಿಂದೆ ಎಸೆಯುತ್ತಾನಂತೆ.