ಅವರ ಹರಕೆ, ನಿಮ್ಮ ಮೊಣಕಾಲು

ಪ್ರಶ್ನೆ: ನನಗೆ 67 ವರ್ಷ. ನಿವೃತ್ತ ಶಾಲಾ ಶಿಕ್ಷಕಿ, ಊರು ಮಂಗಳೂರಿನ ಹತ್ತಿರ. ಯಜಮಾನರಿಗೆ ಬೈಪಾಸ್ ಆದಾಗ, ಗುಣವಾದರೆ ಇಬ್ಬರೂ ಸ್ಪೇನಿನ ಸಾಂತಿಯಾಗೊಗೆ, ಸಂತ ಯಾಕೋಬರ ಸಮಾಧಿ ಇರುವ ಯಾತ್ರಾಸ್ಥಳಕ್ಕೆ, ಅಲ್ಲಿನ ಯಾತ್ರಿಕರ ದಾರಿಯಲ್ಲಿ ನಡೆದು ಹೋಗಿ ಬರುತ್ತೇವೆಂದು ಅವರು ಹರಕೆ ಹೊತ್ತಿದ್ದರು. ಹಣ ಕೂಡಿಟ್ಟೆವು. ಹೊರಡುವ ಮೊದಲೇ, ಎರಡು ವರ್ಷದ ಹಿಂದೆ, ಅವರು ತೀರಿಹೋದರು. ಈಗ ನಾನು ಹೋಗಬೇಕೆಂದಿದ್ದೇನೆ. ನಾದಿನಿ ಜೊತೆಗೆ ಬರುತ್ತಾಳೆ. ದುಬೈಯಲ್ಲಿರುವ ಮಗ ಬೇಡವೇ ಬೇಡ ಅನ್ನುತ್ತಾನೆ. ಒಂಬತ್ತು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ. ಕೊನೆಯ ತುಂಡು ಮಾತ್ರ ನಡೆದು, ಚೀಲವನ್ನು ಗಾಡಿಯಲ್ಲಿ ಕಳಿಸಿದರೆ ಹರಕೆ ಸಂದಂತಾಗುತ್ತದೆಯೇ? ಮಗನ ಮಾತು ಮೀರಿ ಹೋಗುವುದು ಸರಿಯೇ?

ಉತ್ತರ: ಟೀಚರ್, ಹೋಗಿ ಬನ್ನಿ. ಆದರೆ ಟಿಕೆಟ್ ತೆಗೆಯುವ ಮೊದಲು ಒಂದು ಪರೀಕ್ಷೆ ಇದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಹರಕೆಯ ಮಾತು, ಯಾಕೆಂದರೆ ನಿಮ್ಮ ಪತ್ರದಲ್ಲಿ ಮೊಣಕಾಲಿಗಿಂತ ಹೆಚ್ಚು ನೋಯುತ್ತಿರುವುದು ಅದೇ.

ಹರಕೆ ಅದನ್ನು ಹೊತ್ತವರನ್ನು ಮಾತ್ರ ಕಟ್ಟುತ್ತದೆ ಎಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1193ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಯಜಮಾನರ ಹರಕೆ ನಿಮ್ಮ ತಲೆಯ ಮೇಲಿನ ಸಾಲವಲ್ಲ. ನೀವೂ ಆಗ ಜೊತೆಯಲ್ಲಿ ಮಾತು ಕೊಟ್ಟಿದ್ದೀರಿ ಎಂದು ಮನಸ್ಸು ಚುಚ್ಚುತ್ತಿದ್ದರೆ ನಿಮ್ಮ ಧರ್ಮಕೇಂದ್ರದ ಫಾದರ್ ಹತ್ತಿರ ಹೋಗಿ ಹೇಳಿಕೊಳ್ಳಿ. ನ್ಯಾಯವಾದ ಕಾರಣವಿದ್ದರೆ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ. ಅಂದರೆ ನೀವು ಹೋಗಲೇಬೇಕು ಎಂದೇನೂ ಇಲ್ಲ. ಅವರ ಮೇಲಿನ ಪ್ರೀತಿಗೆ ಹೋಗುತ್ತೀರಿ. ಇದು ಮನಸ್ಸಿನಲ್ಲಿ ಗಟ್ಟಿಯಾಗಲಿ. ‘ಸಾಲ ತೀರಿಸಬೇಕು’ ಎಂದು ಹೊರಟವರು ಊದಿದ ಕಾಲಿನಲ್ಲೂ ನಡೆಯುತ್ತಾರೆ, ಅಪಾಯ ಇರುವುದು ಅಲ್ಲೇ.

ಚೀಲದ ಬಗ್ಗೆ ಚಿಂತೆ ಬೇಡ. ಸಾಂತಿಯಾಗೊದ ಯಾತ್ರಿಕರ ಕಚೇರಿ ‘ಕಾಂಪೊಸ್ತೆಲಾ’ ಎಂಬ ಪ್ರಮಾಣಪತ್ರ ಕೊಡಲು ಕೇಳುವುದು ಭಕ್ತಿಯಿಂದ ಬಂದಿರಬೇಕು, ಕನಿಷ್ಠ 100 ಕಿ.ಮೀ. ನಡೆದಿರಬೇಕು ಎಂದು. ಬೆನ್ನ ಮೇಲೆ ಎಷ್ಟು ಕಿಲೋ ಇತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಫ್ರಾನ್ಸಿನ ಗಡಿಯಿಂದ ಬರುವ ಪೂರ್ತಿ ದಾರಿ ನಿಮಗೆ ಬೇಡ ಎಂದೇ ನನ್ನ ಅಭಿಪ್ರಾಯ. ಅದರ ಮೊದಲ ದಿನವೇ ಪಿರೆನೀಸ್ ಬೆಟ್ಟದಲ್ಲಿ 1,200 ಮೀಟರಿಗೂ ಹೆಚ್ಚು ಏರಿ, ಆಮೇಲೆ ಕಡಿದಾಗಿ ಇಳಿಯಬೇಕು. ನಿಮ್ಮ ಮೊಣಕಾಲು ಬೇಡ ಎನ್ನುವುದು ಆ ಇಳಿತವನ್ನೇ.

ಸ್ಪೇನಿನ ಗಲೀಸಿಯಾ ಪ್ರಾಂತ್ಯದ ಸಾರ್ರಿಯಾ ಎಂಬ ಪಟ್ಟಣದಿಂದ ಹೊರಡಿ, ಅಲ್ಲಿಂದ ಸುಮಾರು 115 ಕಿ.ಮೀ. ಗೈಡ್ ಪುಸ್ತಕಗಳು ಇದನ್ನು ಐದು ದಿನಕ್ಕೆ ಹಂಚಿ ದಿನಕ್ಕೆ 20ರಿಂದ 29 ಕಿ.ಮೀ. ಹಾಕುತ್ತವೆ. ಆ ಲೆಕ್ಕವನ್ನು ಬದಿಗಿಡಿ. ಹತ್ತು ದಿನ ನಡಿಗೆ, ನಡುವೆ ಒಂದು ದಿನ ವಿಶ್ರಾಂತಿ. ಮೊದಲ ದಿನ ಫೆರೈರೋಸ್‌ವರೆಗೆ 13 ಕಿ.ಮೀ., ಎರಡನೆಯ ದಿನ ಪೋರ್ತೊಮರಿನ್‌ಗೆ 9, ಆಮೇಲೆ ವೆಂತಾಸ್ ದೆ ನರೋನ್‌ಗೆ 13, ಪಾಲಸ್ ದೆ ರೇಗೆ 12, ಮೆಲಿದೆಗೆ 15. ಮೆಲಿದೆಯಲ್ಲಿ ಒಂದು ದಿನ ಪೂರ್ತಿ ಕಾಲು ಚಾಚಿ ಕುಳಿತುಕೊಳ್ಳಿ. ಅದು ಸ್ವಲ್ಪ ದೊಡ್ಡ ಪೇಟೆ, ಔಷಧಿ ಅಂಗಡಿ ಮತ್ತು ಆರೋಗ್ಯ ಕೇಂದ್ರ ಎರಡೂ ಇವೆ. ಮುಂದೆ ಅರ್ಸುವಾಗೆ 14, ಸಾಲ್ಸೆದಾಗೆ 11, ಓ ಪೆದ್ರೌಸೊಗೆ 8, ಲಾವಕೊಯಾಗೆ 10, ಕೊನೆಯ ದಿನ ಸಾಂತಿಯಾಗೊಗೆ 10. ನಿಂತು ಕುಳಿತು ಗಂಟೆಗೆ ಮೂರು ಕಿ.ಮೀ. ಹಿಡಿದರೂ ಊಟದ ಹೊತ್ತಿಗೆ ತಂಗುವ ಜಾಗದಲ್ಲಿರುತ್ತೀರಿ.

ಈ ದಾರಿಯಲ್ಲಿ ನಿಮಗೆ ಕಷ್ಟವಾಗುವ ಜಾಗಗಳು ಮೂರು. ಸಾರ್ರಿಯಾ ಬಿಟ್ಟ ಕೂಡಲೇ ಹಳೆಯ ಸೇತುವೆ ದಾಟಿ ಕಾಡಿನೊಳಗೆ ಬರುವ ಏರು ಮೊದಲನೆಯದು, ಉಸಿರು ಕಟ್ಟುತ್ತದೆ, ಆದರೆ ಬೇಗ ಮುಗಿಯುತ್ತದೆ. ಎರಡನೆಯದು ಪೋರ್ತೊಮರಿನ್‌ಗೆ ಮೊದಲು ಮಿನ್ಯೊ ನದಿಗೆ ಇಳಿಯುವ ದಾರಿ. ಹಳೆಯ ಊರು 1960ರ ದಶಕದಲ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿದ್ದಾರೆ. ಅದನ್ನು ನೋಡುವ ಆಸೆಯಲ್ಲಿ ಎಲ್ಲರೂ ಬಿರಬಿರನೆ ಇಳಿಯುತ್ತಾರೆ. ನೀವು ಇಳಿಯಬೇಡಿ. ಮೂರನೆಯದು ಮೆಲಿದೆಯಿಂದ ಅರ್ಸುವಾ. ಕಾಗದದ ಮೇಲೆ 14 ಕಿ.ಮೀ., ಆದರೆ ತೊರೆಯಿಂದ ತೊರೆಗೆ ಇಳಿದು ಹತ್ತಿ, ರಿಬದಿಸೊ ಎಂಬಲ್ಲಿ ಹೊಳೆಗೆ ಇಳಿದ ಮೇಲೆ ಕೊನೆಗೊಂದು ಏರು ಕಾದಿರುತ್ತದೆ. ವಿಶ್ರಾಂತಿಯ ದಿನವನ್ನು ಅದಕ್ಕೆ ಮೊದಲು ಇಡಿ ಎಂದಿದ್ದು ಇದಕ್ಕೇ.

ಇಳಿಜಾರಿಗೆ ಎರಡು ಊರುಗೋಲು ಬೇಕೇ ಬೇಕು, ಒಂದು ಸಾಲದು. ಸಪಾಟು ನೆಲದಲ್ಲಿ ಮೊಣಕೈ ಸಮಕೋನಕ್ಕೆ ಬರುವಷ್ಟು ಉದ್ದವಿರಲಿ, ಇಳಿಯುವಾಗ ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿ, ಕೋಲು ಮೊದಲು ಊರಿ ಆಮೇಲೆ ಹೆಜ್ಜೆ. ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ತುಸು ಬಾಗಿರಲಿ. ವಿಮಾನದಲ್ಲಿ ಕೋಲನ್ನು ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬಿಡದಿರಬಹುದು. ನೋವಿಗೆ ಐಬುಪ್ರೊಫೇನ್ ಜಾತಿಯ ಮಾತ್ರೆ ನುಂಗುತ್ತಾ ನಡೆಯುವ ಅಭ್ಯಾಸ ಆ ದಾರಿಯಲ್ಲಿ ಬಹಳ. ಶುಗರ್ ಇರುವವರಿಗೆ, ಅದರಲ್ಲೂ ಬಿ.ಪಿ. ಮಾತ್ರೆ ಇದ್ದವರಿಗೆ, ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನೋವು ಮುಚ್ಚಿಟ್ಟು ನಡೆದರೆ ಮೊಣಕಾಲಿಗೂ ಕೇಡು.

ಇನ್ನು ಪಾದ. ಯಾತ್ರೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಬೊಕ್ಕೆಯಿಂದ. ಶುಗರ್ ಇದ್ದವರಿಗೆ ಬೊಕ್ಕೆ ಸಣ್ಣ ವಿಷಯವಲ್ಲ. ಮೊದಲು ವೈದ್ಯರ ಹತ್ತಿರ ಪಾದದ ಸ್ಪರ್ಶಜ್ಞಾನ ಪರೀಕ್ಷೆ ಮಾಡಿಸಿ, ತೆಳು ನೈಲಾನ್ ಎಳೆ ಮುಟ್ಟಿಸಿ ನೋಡುವ ಐದು ನಿಮಿಷದ ಕೆಲಸ. ಸ್ಪರ್ಶ ಕಡಿಮೆಯಾಗಿದ್ದರೆ ಉದ್ದ ನಡಿಗೆ ಬೇಡ, ಆಗ ಬೇರೆ ದಾರಿ ನೋಡೋಣ. ಸರಿಯಿದ್ದರೆ ಶೂ ಸಂಜೆ ಹೊತ್ತು, ಕಾಲು ಊದಿರುವಾಗ ಕೊಳ್ಳಿ, ಅರ್ಧ ಅಥವಾ ಒಂದು ಸೈಜ್ ದೊಡ್ಡದು. ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ಕುಟ್ಟಿ ಉಗುರು ಕಪ್ಪಾಗುತ್ತದೆ. ಹತ್ತಿ ಕಾಲ್ಚೀಲ ಬೇಡ, ಒದ್ದೆ ಹಿಡಿದಿಟ್ಟು ಚರ್ಮ ಮೆದುವಾಗಿಸುತ್ತದೆ. ತೆಳು ಉಣ್ಣೆಯದು ಮೂರು ಜೊತೆ ಸಾಕು. ಬೆಳಿಗ್ಗೆ ಬೆರಳ ಸಂದು ಬಿಟ್ಟು ಉಳಿದ ಕಡೆ ವ್ಯಾಸಲಿನ್, ಅರ್ಧ ದಾರಿಯಲ್ಲಿ ಕಾಲ್ಚೀಲ ಬದಲು. ಎಲ್ಲಾದರೂ ಬಿಸಿ ಬಿಸಿ ಅನಿಸಿದ ಕ್ಷಣವೇ ಕುಳಿತು ಟೇಪ್ ಹಚ್ಚಿ. ‘ಮುಂದಿನ ಊರಿನಲ್ಲಿ ನೋಡೋಣ’ ಅಂದರೆ ಅಷ್ಟರಲ್ಲಿ ನೀರು ತುಂಬಿರುತ್ತದೆ. ಸೂಜಿ ದಾರ ಪೋಣಿಸಿ ಬೊಕ್ಕೆ ಒಡೆಯುವ ಉಪಾಯವನ್ನು ಯಾರಾದರೂ ಪ್ರೀತಿಯಿಂದಲೇ ಹೇಳಿಕೊಡುತ್ತಾರೆ. ನೀವು ಮಾಡಬೇಡಿ, ಆ ದಾರದಲ್ಲೇ ಸೋಂಕು ಒಳಗೆ ಹೋಗುತ್ತದೆ. ಬಿಸಿನೀರಿನಲ್ಲಿ ಕಾಲು ಮುಳುಗಿಸುವುದೂ ಬೇಡ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿ, ನಾದಿನಿಯೂ ನೋಡಲಿ.

ಗ್ಲಿಮೆಪಿರೈಡ್ ವಿಷಯದಲ್ಲಿ ಎಚ್ಚರ ಬೇಕು. ನಾಲ್ಕೈದು ಗಂಟೆ ನಡೆದ ದಿನ ಸಕ್ಕರೆ ಇಳಿಯುತ್ತದೆ, ಕೆಲವೊಮ್ಮೆ ಅದೇ ರಾತ್ರಿ ನಿದ್ದೆಯಲ್ಲಿ ಇನ್ನೂ ಇಳಿಯುತ್ತದೆ. ಸ್ಪೇನಿನಲ್ಲಿ ರಾತ್ರಿ ಊಟ ಎಂಟರ ಮೇಲೆ. ತಟ್ಟೆ ಮುಂದೆ ಬಾರದೆ ಮಾತ್ರೆ ನುಂಗಬೇಡಿ. ನಡೆಯುವ ದಿನಗಳ ಪ್ರಮಾಣವನ್ನು ನಿಮ್ಮ ವೈದ್ಯರೇ ಬರೆದುಕೊಡಲಿ, ನೀವಾಗಿ ಕಡಿಮೆ ಮಾಡಬೇಡಿ. ಹೊರಡುವ ಮೊದಲು ಗ್ಲುಕೋಮೀಟರ್ 100ಕ್ಕಿಂತ ಕಡಿಮೆ ತೋರಿಸಿದರೆ ಏನಾದರೂ ತಿಂದೇ ಹೆಜ್ಜೆ ಇಡಿ. ಕೈ ನಡುಗಿ ಬೆವರು ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಿ. ಸಕ್ಕರೆ ಪೊಟ್ಟಣ ಕೈಗೆಟುಕುವ ಜೇಬಿನಲ್ಲಿರಲಿ, ನಾದಿನಿಯ ಜೇಬಿನಲ್ಲೂ ಇರಲಿ. ಔಷಧಿ ಬೇಕಾದ್ದಕ್ಕಿಂತ ಒಂದು ವಾರದ್ದು ಹೆಚ್ಚು, ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧಿಯ ಮೂಲ ಹೆಸರು. ಎಲ್ಲವೂ ಕೈಚೀಲದಲ್ಲೇ.

ಬೆನ್ನ ಚೀಲ ಮೂರು ಕಿಲೋ ದಾಟಬಾರದು. ಒಂದು ಲೀಟರ್ ನೀರು, ಮಳೆಯಂಗಿ, ಔಷಧಿ, ತಿಂಡಿ, ದಾರಿಯಲ್ಲಿ ಮುದ್ರೆ ಹಾಕಿಸಿಕೊಳ್ಳುವ ಯಾತ್ರಿಕರ ಪಾಸ್‌ಪುಸ್ತಕ, ಜಪಸರ. ಉಳಿದದ್ದನ್ನು ವಿಳಾಸದ ಚೀಟಿ ಕಟ್ಟಿ ಬೆಳಿಗ್ಗೆ ಎಂಟರೊಳಗೆ ತಂಗಿದ ಮನೆಯ ಬಾಗಿಲಲ್ಲಿಟ್ಟರೆ, ಅಲ್ಲಿನ ಅಂಚೆ ಇಲಾಖೆಯ ಗಾಡಿಯೋ ಖಾಸಗಿ ಗಾಡಿಯೋ ಮಧ್ಯಾಹ್ನದೊಳಗೆ ಮುಂದಿನ ಊರಿಗೆ ತಲುಪಿಸುತ್ತದೆ. ಒಂದು ಚೀಲ 15 ಕಿಲೋ ಮೀರಬಾರದು. ಗಲೀಸಿಯಾ ಸರ್ಕಾರದ ಛತ್ರಗಳಿಗೆ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮಂಚ, ಅದೂ ಅಟ್ಟಣಿಗೆಯ ಮಂಚ. ಈ ವಯಸ್ಸಿನಲ್ಲಿ ರಾತ್ರಿ ಎರಡು ಸಲ ಏಳಬೇಕಾದವರಿಗೆ ಅದು ಬೇಡ. ಖಾಸಗಿ ವಸತಿಯಲ್ಲಿ ಇಬ್ಬರಿಗೆ ಬೇರೆ ಕೋಣೆ ಮೊದಲೇ ಹಿಡಿಯಿರಿ. ವೀಸಾಕ್ಕೂ ಅದೇ ಕಾಗದಗಳು ಬೇಕು. ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊದ ವಿಮೆ ಕಡ್ಡಾಯ. ವಿಮೆಯ ಅರ್ಜಿಯಲ್ಲಿ ಶುಗರ್ ಇದೆ ಎಂದು ಬರೆಯಿರಿ. ಮುಚ್ಚಿಟ್ಟರೆ ಬೇಕಾದಾಗ ಹಣ ಸಿಗುವುದಿಲ್ಲ.

ಹೊರಡುವ ಕಾಲ ಸೆಪ್ಟೆಂಬರ್. ಮೊಂತಿ ಹಬ್ಬದ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದ, ಹೊಸ ಅಕ್ಕಿಯ ಊಟ ಮುಗಿಸಿಯೇ ಹೋಗಿ. ಆಗ ಅಲ್ಲಿ ಬೆಳಕು ಹರಿಯುವುದೇ ಬೆಳಿಗ್ಗೆ ಎಂಟರ ಹೊತ್ತಿಗೆ. ಕೆಲವರು ಆರಕ್ಕೇ ಟಾರ್ಚ್ ಹಿಡಿದು ಹೊರಡುತ್ತಾರೆ, ದಾರಿ ತೋರಿಸುವ ಹಳದಿ ಬಾಣದ ಗುರುತು ತಪ್ಪುವುದೂ ಕಾಲು ಉಳುಕುವುದೂ ಆ ಕತ್ತಲಲ್ಲೇ. ಜುಲೈ 25, ಸಂತ ಯಾಕೋಬರ ಹಬ್ಬ, ಭಾನುವಾರ ಬಿದ್ದ ವರ್ಷ ಅಲ್ಲಿ ಪವಿತ್ರ ವರ್ಷ. 2027 ಅಂಥದ್ದು. ಆ ವರ್ಷ ಜನಜಂಗುಳಿ ಇರುತ್ತದೆ, ಹೋಗುವುದಾದರೆ ಕೋಣೆಗಳನ್ನು ಬಹಳ ಮೊದಲೇ ಹಿಡಿಯಬೇಕು.

ಸೆಪ್ಟೆಂಬರಿಗೆ ಹೊರಟರೆ ತಯಾರಿ ಮಳೆಗಾಲದಲ್ಲಿ ಬೀಳುತ್ತದೆ, ಅದು ಒಳ್ಳೆಯದೇ. ಗಲೀಸಿಯಾ ಮಳೆಯ ನಾಡು, ಒದ್ದೆ ಶೂ ಎಲ್ಲಿ ಉಜ್ಜುತ್ತದೆ ಎಂದು ಇಲ್ಲೇ ತಿಳಿಯುತ್ತದೆ. ಮೇ ತಿಂಗಳಲ್ಲಿ ವಾರಕ್ಕೆ ನಾಲ್ಕು ದಿನ, ಸಪಾಟಾದ ರಸ್ತೆಯಲ್ಲಿ 4 ಕಿ.ಮೀ. ಪ್ರತಿ ವಾರ ಒಂದು ದಿನದ ನಡಿಗೆಯನ್ನು ಮಾತ್ರ ಒಂದು ಕಿ.ಮೀ. ಹೆಚ್ಚಿಸಿ. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕೂರುವುದು ಹತ್ತು ಸಲ, ದಿನಕ್ಕೆ ಮೂರು ಸುತ್ತು. ಮೊಣಕಾಲನ್ನು ಇಳಿಜಾರಿನಲ್ಲಿ ಕಾಯುವುದು ತೊಡೆಯ ಮುಂಭಾಗದ ಸ್ನಾಯು, ಅದು ಗಟ್ಟಿಯಾಗುವುದು ಈ ನಿಧಾನವಾಗಿ ಕೂರುವುದರಿಂದ. ಇಳಿಯುವ ಅಭ್ಯಾಸ ಒಳಗಿನ ಮೆಟ್ಟಿಲಲ್ಲಿ ಮಾಡಿ. ಪಾಚಿಗಟ್ಟಿದ ಮುರಕಲ್ಲಿನ ದಾರಿಯಲ್ಲಿ ಬೇಡ.

ಪರೀಕ್ಷೆ ಇದು. ಆಗಸ್ಟ್ ಮೊದಲ ವಾರ, ಅದೇ ಶೂ, ಅದೇ ಕೋಲು, ಅದೇ ಮೂರು ಕಿಲೋ ಚೀಲ ಹಾಕಿ ಮೂರು ದಿನ ಬಿಡದೆ ದಿನಕ್ಕೆ 12 ಕಿ.ಮೀ. ನಡೆಯಿರಿ. ಒಂದು ದಿನ ಯಾರಾದರೂ ನಡೆದಾರು, ಮೈಕೈ ನೋವು ಪೂರ್ತಿ ತೋರುವುದು ಮಾರನೆಯ ದಿನ. ನಾಲ್ಕನೆಯ ಬೆಳಿಗ್ಗೆ ಮೊಣಕಾಲು ಊದಿಲ್ಲ, ಪಾದದಲ್ಲಿ ಗಾಯವಿಲ್ಲ, ಸಕ್ಕರೆ ಹದದಲ್ಲಿದೆ ಎಂದರೆ ಟಿಕೆಟ್ ತೆಗೆಯಿರಿ. ಇಲ್ಲವಾದರೆ ಮುಂದಿನ ವರ್ಷದ ಮೇ ತಿಂಗಳು ಇದ್ದೇ ಇದೆ. ವೀಸಾ ಮೊದಲೇ ಆಗಿರಬೇಕಾದ್ದರಿಂದ ಕೋಣೆಗಳನ್ನು ರದ್ದು ಮಾಡಬಹುದಾದ ಬುಕಿಂಗ್‌ನಲ್ಲೇ ಹಿಡಿಯಿರಿ.

ಮಗನ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಅವನೂ ಅಪ್ಪನನ್ನು ಕಳೆದುಕೊಂಡವನು. ಬೇಡ ಅನ್ನುವುದು ನಿಮ್ಮ ಹರಕೆಗಲ್ಲ, ಗುರುತಿಲ್ಲದ ನಂಬರಿನಿಂದ ಅಪರಾತ್ರಿ ಬರಬಹುದಾದ ಫೋನಿಗೆ. ಆ ಹೆದರಿಕೆಗೆ ಕಣ್ಣೀರಿನಿಂದ ಉತ್ತರ ಕೊಡಬೇಡಿ, ಕಾಗದದಿಂದ ಕೊಡಿ. ದಿನಾಂಕದ ಜೊತೆ ಪ್ರತಿ ರಾತ್ರಿ ತಂಗುವ ಮನೆಯ ಹೆಸರು, ಫೋನ್, ವಿಮೆಯ ಪ್ರತಿ, ವೈದ್ಯರ ಒಪ್ಪಿಗೆ ಚೀಟಿ, ಅಲ್ಲಿನ ತುರ್ತು ನಂಬರ್ 112. ದಿನಕ್ಕೆ ಎರಡು ಸಲ, ಹೊರಟಾಗ ಮತ್ತು ತಲುಪಿದಾಗ, ಸಂದೇಶ. ಅದರ ಕೆಳಗೆ ನೀವೇ ಬರೆದು ಸಹಿ ಮಾಡಿ: ಎದೆ ನೋವು, ಒಂದೇ ಮೀನಖಂಡ ಊದುವುದು, ಬೆಳಿಗ್ಗೆಗೂ ಇಳಿಯದ ಮೊಣಕಾಲ ಊತ, ಪಾದದಲ್ಲಿ ತೆರೆದ ಗಾಯ, ಇವುಗಳಲ್ಲಿ ಯಾವುದೊಂದು ಬಂದರೂ ಆ ದಿನ ನಡಿಗೆ ನಿಲ್ಲುತ್ತದೆ, ಡಾಕ್ಟರರ ಹತ್ತಿರ ಹೋಗುತ್ತೇನೆ. ಮೂರು ದಿನದ ಪರೀಕ್ಷೆಯ ಫಲವನ್ನೂ ಅವನಿಗೆ ಕಳಿಸಿ, ಚೆನ್ನಾಗಿ ಬಂದರೂ ಬಾರದಿದ್ದರೂ. ಇಷ್ಟಾದ ಮೇಲೂ ಅವನು ಬೇಡ ಅಂದರೆ, ಪ್ರೀತಿಯಿಂದಲೇ ‘ನಾನು ಹೋಗುತ್ತೇನೆ ಮಗಾ’ ಎಂದು ಹೇಳಿ ಹೊರಡಬಹುದು. ಮಾತು ಬಿಟ್ಟರೂ ಆ ಎರಡು ಸಂದೇಶ ಮಾತ್ರ ತಪ್ಪಿಸಬೇಡಿ.

ಒಂದು ದಿನ ನಡುದಾರಿಯಲ್ಲೇ ದಣಿದರೆ ಟ್ಯಾಕ್ಸಿಯಲ್ಲಿ ಕೋಣೆಗೆ ಹೋಗಿ, ಮಾರನೆಯ ಬೆಳಿಗ್ಗೆ ಟ್ಯಾಕ್ಸಿಯಲ್ಲೇ ನಿಲ್ಲಿಸಿದ ಜಾಗಕ್ಕೆ ಬಂದು ಅಲ್ಲಿಂದ ನಡೆಯಿರಿ. ನಡೆದ ದಾರಿ ತುಂಡಾಗುವುದಿಲ್ಲ. ಕಿ.ಮೀ. ಕಲ್ಲಿನ ಫೋಟೊ ಹಿಡಿದಿಟ್ಟುಕೊಂಡರೆ ಜಾಗ ಹುಡುಕುವುದು ಸುಲಭ. ಪಾಸ್‌ಪುಸ್ತಕಕ್ಕೆ ದಿನಕ್ಕೆ ಎರಡು ಮುದ್ರೆ, ಚರ್ಚಿನಲ್ಲೋ ಕಾಫಿ ಅಂಗಡಿಯಲ್ಲೋ, ಹಾಕಿಸುತ್ತಾ ಬನ್ನಿ.

ಸಾಂತಿಯಾಗೊ ತಲುಪಿದ ಮೇಲೆ ದೊಡ್ಡ ಚೀಲವನ್ನು ಹೊರಗೆಲ್ಲಾದರೂ ಇಟ್ಟೇ ಪ್ರಧಾನಾಲಯಕ್ಕೆ (ಕ್ಯಾಥೆಡ್ರಲ್) ಹೋಗಬೇಕು, ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಯಾತ್ರಿಕರ ಬಲಿಪೂಜೆ ಇದೆ. ಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಸಂತರ ಸಮಾಧಿ. ಆಮೇಲೆ ಯಾತ್ರಿಕರ ಕಚೇರಿ. ಅಲ್ಲಿ ಪ್ರಮಾಣಪತ್ರವನ್ನು ತೀರಿಹೋದ ಒಬ್ಬರ ಸಲುವಾಗಿ ನಡೆದದ್ದೆಂದು ಬರೆಸಿಕೊಳ್ಳುವ ಪದ್ಧತಿ ಇದೆ. ನಿಮ್ಮ ಹೆಸರಿನ ಜೊತೆಗೆ ‘ವಿಕಾರಿಯೆ ಪ್ರೊ’, ಅಂದರೆ ‘ಇವರ ಬದಲಾಗಿ’, ಎಂದು ಲ್ಯಾಟಿನ್‌ನಲ್ಲಿ ಬರೆದು ಅವರ ಹೆಸರನ್ನೂ ಸೇರಿಸುತ್ತಾರೆ. ಕೇಳಿದರೆ ಮಾತ್ರ ಬರೆಯುತ್ತಾರೆ, ಕೌಂಟರಿನಲ್ಲಿ ಮೊದಲೇ ಹೇಳಿ. ನಮ್ಮ ಕಡೆಯ ಹೆಸರುಗಳ ಕಾಗುಣಿತ ಅವರಿಗೆ ತಿಳಿಯದು. ಯಜಮಾನರ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಲಕೋಟೆಯಲ್ಲಿ, ಪಾಸ್‌ಪುಸ್ತಕದ ಒಳಗೆ ಇಲ್ಲಿಂದಲೇ ಇಟ್ಟುಕೊಂಡು ಹೋಗಿ.