ಕಂಪನಿನೇ ಇಲ್ಲ ಅಂದ್ಮೇಲೆ ಯಾರ ಪೈರಸಿ?

ಧಾರವಾಡದ ಓದುಗರೊಬ್ರು ಬರೆದಿದಾರೆ: ಹಳೇ ಸಿಂಕ್ಲೇರ್ ಸ್ಪೆಕ್ಟ್ರಮ್ ಕಂಪ್ಯೂಟರ್ ಕೆಟ್ಟು ಅಟ್ಟ ಸೇರಿದೆ, ಈಗ ಲ್ಯಾಪ್‌ಟಾಪಲ್ಲಿ ಎಮ್ಯುಲೇಟರ್ (ಆ ಹಳೇ ಕಂಪ್ಯೂಟರ್ ಥರಾನೇ ನಡ್ಕೊಳ್ಳೋ ಪ್ರೋಗ್ರಾಮ್) ಹಾಕ್ಕೊಂಡು ಮೊಮ್ಮಗನಿಗೆ ಗೇಮ್ ಆಡಿಸ್ತಿದೀನಿ, ಅಳಿಯ ಇದು ಪೈರಸಿ ಅಂತಾನೆ, ಆ ಕಂಪನಿ ಮುಚ್ಚಿ ಯಾವ ಕಾಲ ಆಯ್ತು, ಇನ್ನು ಯಾರ ಪೈರಸಿ?

ಸಾರ್, ಮೊದಲು ಎಮ್ಯುಲೇಟರ್ ವಿಷಯ. ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ಸ್ಪೆಕ್ಟ್ರಮ್‌ಗೆ ಮಿದುಳಿನ ಥರ ಇರೋ ಜ಼ಡ್80 ಚಿಪ್ ಹೆಂಗೆ ನಡ್ಕೊಳ್ಳತ್ತೆ ಅಂತ ಯಾರೋ ಪುಣ್ಯಾತ್ಮ ಸ್ವಂತವಾಗಿ ಕೋಡ್ ಬರೆದಿರ್ತಾನೆ, ಅದರಲ್ಲಿ ಸಿಂಕ್ಲೇರ್‌ದು ಏನೂ ಇರಲ್ಲ. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಮೇಲೆ ಸೋನಿ ಕೇಸ್ ಹಾಕಿ 2000ದಲ್ಲಿ ಅಮೆರಿಕದ ಅಪೀಲು ಕೋರ್ಟಲ್ಲಿ ಸೋತಿದ್ದೂ ಇದೇ ಕಾರಣಕ್ಕೇ, ಮಾರೋ ಪ್ರೋಗ್ರಾಮಲ್ಲಿ ಸೋನಿ ಕೋಡ್ ಇರ್ಲಿಲ್ಲ.

ಗಂಟು ಇರೋದು ಆ 16 ಕೆಬಿ ರೋಮ್ (ROM) ಚಿಪ್ಪಲ್ಲಿ, ಅಂದ್ರೆ ಆನ್ ಮಾಡಿದ ತಕ್ಷಣ ಸ್ಕ್ರೀನ್ ಕೆಳಗಡೆ 1982 ಸಿಂಕ್ಲೇರ್ ರಿಸರ್ಚ್ ಅಂತ ಕಾಪಿರೈಟ್ ಸಾಲು ತೋರಿಸತ್ತಲ್ಲ, ಆ ಚಿಪ್ ಒಳಗಿನ ಸಾಫ್ಟ್‌ವೇರ್. ಚಿಪ್ಪಲ್ಲಿರೋದಕ್ಕೆ ಎಂಥ ಕಾಪಿರೈಟ್ ಅಂತ ಫ್ರಾಂಕ್ಲಿನ್ ಅನ್ನೋ ಕಂಪನಿನೂ ವಾದ ಮಾಡಿ ನೋಡ್ತು, ಆಪಲ್‌ನ ಕೋಡ್ ಎತ್ಕೊಂಡಿದ್ರು, ಎಷ್ಟರಮಟ್ಟಿಗೆ ಅಂದ್ರೆ ಆಪಲ್ ಪ್ರೋಗ್ರಾಮರ್ ಒಬ್ಬರ ಹೆಸರು ಕೂಡ ಅಳಿಸದೆ ಹಾಗೇ ಬಿಟ್ಟಿದ್ರು! 1983ರಲ್ಲಿ ಅಪೀಲು ಕೋರ್ಟು ಚಿಪ್ಪಲ್ಲಿದ್ರೂ ಕಾಪಿರೈಟ್ ಇದೆ ಅಂತು.

ಇನ್ನು ಕಂಪನಿ ಮುಚ್ಚೋದು. ಕಂಪನಿ ಹೋಗತ್ತೆ, ಹಕ್ಕು ಹೋಗಲ್ಲ, ಯಾರೋ ಕೊಂಡ್ಕೋತಾರೆ. ಸಿಂಕ್ಲೇರ್ ಕಂಪ್ಯೂಟರ್‌ಗಳ ಹಕ್ಕನ್ನ 1986ರಲ್ಲಿ ಆಮ್‌ಸ್ಟ್ರಾಡ್ ಅನ್ನೋ ಕಂಪನಿ 50 ಲಕ್ಷ ಪೌಂಡಿಗೆ ತಗೊಳ್ತು, ನಿಮ್ಮ ಅದೃಷ್ಟಕ್ಕೆ 1999ರಲ್ಲಿ ಅವರೇ ಎಮ್ಯುಲೇಟರ್ ಬರೆಯೋರು ರೋಮ್ ಜೊತೇಲೇ ಕೊಡ್ಲಿ, ಕಾಪಿರೈಟ್ ಸಾಲು ಮಾತ್ರ ಮುಟ್ಬೇಡಿ ಅಂದ್ರು. ಅಳಿಯನಿಗೆ ಇದನ್ನ ತೋರಿಸಿ. ಆದ್ರೆ ಕಮೋಡೋರ್ ಕಂಪನಿಯ ಅಮೀಗಾ ಕಂಪ್ಯೂಟರ್ ತಂದು ಇದೇ ಮಾತು ಹೇಳೋಕಾಗಲ್ಲ, ಕಮೋಡೋರ್ 1994ರಲ್ಲಿ ದಿವಾಳಿ ಎದ್ರೂ ಅದರ ಕಿಕ್‌ಸ್ಟಾರ್ಟ್ ಅನ್ನೋ ರೋಮ್ ಸಾಫ್ಟ್‌ವೇರನ್ನ ಕ್ಲೋಆಂಟೋ ಅನ್ನೋರು ಇವತ್ತಿಗೂ ಲೈಸೆನ್ಸ್ ಮಾಡಿ ಮಾರ್ತಿದಾರೆ.

ಗೇಮಲ್ಲಿ ಅಳಿಯಂದೇ ಸರಿ. ಆಮ್‌ಸ್ಟ್ರಾಡ್ ಅನುಮತಿ ಅದಕ್ಕೆ ಬರಲ್ಲ, ಪ್ರತಿ ಗೇಮಿಗೂ ಬೇರೆ ಯಜಮಾನ, ಕೆಲವರು ಹಂಚ್ಕೊಳ್ಳಿ ಅಂದಿದಾರೆ, ಕೆಲವರು ಬೇಡ ಅಂದಿದಾರೆ. ಇಪ್ಪತ್ತು ವರ್ಷ ಆದ್ರೆ ಫ್ರೀ, 24 ಗಂಟೇಲಿ ಡಿಲೀಟ್ ಮಾಡಿದ್ರೆ ತಪ್ಪಿಲ್ಲ ಅನ್ನೋದೆಲ್ಲ ಬುರುಡೆ. ನಮ್ಮ ಕಾಯ್ದೆ ಪ್ರಕಾರ ಬರೆದವರು ಸತ್ತ ಮೇಲೂ 60 ವರ್ಷ.

ಆದ್ರೆ ಅದೇ 1957ರ ಕಾಯ್ದೆಯ 52ನೇ ಸೆಕ್ಷನ್ ನಿಮಗೊಂದು ದಾರಿನೂ ಬಿಟ್ಟಿದೆ: ದುಡ್ಡು ಕೊಟ್ಟು ತಗೊಂಡ ಪ್ರೋಗ್ರಾಮ್ ಹಾಳಾಗ್ಬಾರ್ದು ಅಂತ ಬ್ಯಾಕಪ್ ಮಾಡ್ಕೋಬೋದು, ಸ್ವಂತಕ್ಕೆ, ವ್ಯಾಪಾರಕ್ಕಲ್ಲದೆ ಕಾಪಿನೂ ಮಾಡ್ಕೋಬೋದು. ಯಾರೋ ಅಪ್‌ಲೋಡ್ ಮಾಡಿದ್ದನ್ನ ಇಳಿಸ್ಕೊಳ್ಳೋದು ಅದೇ ಆಗತ್ತಾ ಅಂದ್ರೆ ನನಗೇನೋ ಹಾಗನ್ಸಲ್ಲ, ಕಾಯ್ದೆ ಹೇಳೋದು ನಿಮ್ಮ ಹತ್ರ ಇರೋ ಕಾಪಿ ಬಗ್ಗೆ. ಅಟ್ಟದಲ್ಲಿ ಗೇಮಿನ ಒರಿಜಿನಲ್ ಕ್ಯಾಸೆಟ್ ಇದ್ರೆ ಇಳಿಸಿ, ಪ್ಲೇಯರ್ ಹೆಡ್ ಒರೆಸಿ, ಇಯರ್‌ಫೋನ್ ಸಾಕೆಟ್‌ನಿಂದ ಲ್ಯಾಪ್‌ಟಾಪ್ ಮೈಕಿಗೆ ವೈರ್ ಕೊಟ್ಟು ಗೇಮ್ ಅಡಗಿರೋ ಆ ಕೀರ್ ಶಬ್ದನೇ ರೆಕಾರ್ಡ್ ಮಾಡಿ, ಟೇಪ್ ಫೈಲ್ ಮಾಡೋ ಸಾಫ್ಟ್‌ವೇರ್ ಫ್ರೀಯಾಗೇ ಸಿಗತ್ತೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕ್ಬೇಡಿ.

-ಸಂ.