ಇಪ್ಪತ್ತು ಲಕ್ಷದ ಬಿ.ಡೆಸ್, ಮೂವತ್ತಾರು ಸಾವಿರದ ಸಂಬಳ

ಪಿಯುಸಿ ಫಲಿತಾಂಶ ಬಂದರೆ ಸಾಕು, ಸಾಲ ಮಾಡಿ ಬಿ.ಡೆಸ್, ಅಂದರೆ ಡಿಸೈನ್ ಪದವಿ, ಓದಿಸಿದರೆ ಗಿಟ್ಟುತ್ತದೆಯೇ ಎಂಬ ಒಂದೇ ಪ್ರಶ್ನೆ ಈ ಅಂಕಣಕ್ಕೆ ಹತ್ತೂರಿನಿಂದ ಬರುತ್ತದೆ. ಡಿಸೈನ್ ಅಂದರೇನು, ಅದರಲ್ಲಿ ಎಷ್ಟು ವಿಭಾಗ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟನ್ನೂ ವಿಚಾರಿಸದೆ ಲಕ್ಷಗಟ್ಟಲೆ ಶುಲ್ಕ ಕಟ್ಟಲು ಹೊರಟವರಿಗೆ ನನ್ನ ಉತ್ತರದಿಂದ ಉಪಯೋಗವೂ ಇಲ್ಲ.

ಪ್ರಶ್ನೆ: ಮಗಳಿಗೆ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಡೆಸ್ ಸೀಟು ಸಿಕ್ಕಿದೆ. ವರ್ಷಕ್ಕೆ 5 ಲಕ್ಷ ಶುಲ್ಕ. ಸರಾಸರಿ ಪ್ಯಾಕೇಜ್ 8 ಲಕ್ಷ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎನ್ನುತ್ತಾರೆ. ಸೈಟು ಅಡ ಇಟ್ಟು ಸಾಲ ತೆಗೆಯಬೇಕೆಂದಿದ್ದೇವೆ. ಗಿಟ್ಟುತ್ತದೆಯೇ?
– ದಾವಣಗೆರೆಯ ಓದುಗರು

ಸೈಟಿನ ಪತ್ರ ಸದ್ಯಕ್ಕೆ ಬೀರುವಿನಲ್ಲೇ ಇರಲಿ, ಮೊದಲು ಲೆಕ್ಕ ಹಾಕೋಣ.

ನಾಲ್ಕು ವರ್ಷಕ್ಕೆ 20 ಲಕ್ಷ ಸಾಲ, ಬಡ್ಡಿ ಶೇ 10.5 ಅಂತ ಇಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಅಂತ ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ರಜೆ ಇರುವುದು ಕಂತಿಗೆ, ಬಡ್ಡಿಗಲ್ಲ. ಮೊದಲ ವರ್ಷ ತೆಗೆದ 5 ಲಕ್ಷಕ್ಕೆ ಐದು ವರ್ಷ, ಕೊನೆಯ ವರ್ಷದ 5 ಲಕ್ಷಕ್ಕೆ ಎರಡು ವರ್ಷ ಬಡ್ಡಿ ಓಡುತ್ತದೆ. ಎಲ್ಲ ಕೂಡಿದರೆ 7.35 ಲಕ್ಷ. ಅದು ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ಸಾಲ 27.35 ಲಕ್ಷ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 37,000. ಹದಿನೈದು ವರ್ಷಕ್ಕೆ ಎಳೆದರೆ 30,000ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 54 ಲಕ್ಷ ದಾಟುತ್ತದೆ. ಪಿಜಿ ಬಾಡಿಗೆ, ಲ್ಯಾಪ್‌ಟಾಪ್, ಮಾಡೆಲ್ ಮಾಡುವ ಸಾಮಾನು ಇದರಲ್ಲಿ ಬಂದಿಲ್ಲ.

ಇನ್ನು ಆದಾಯ. ವರ್ಷಕ್ಕೆ 5 ಲಕ್ಷದ ಸಿಟಿಸಿ (ಕಂಪನಿ ಉದ್ಯೋಗಿಗೆ ಮಾಡುವ ಒಟ್ಟು ಖರ್ಚು) ಸಿಕ್ಕಿತು ಅನ್ನೋಣ. ಅದಕ್ಕಿಂತ ಕಡಿಮೆಗೆ ಸೇರುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಎಂದೆಲ್ಲ ಕಳೆದು ಕೈಗೆ ಬರುವುದು 36,000ದ ಆಸುಪಾಸು. ಕಂತು 37,000. ಮಗಳ ಊಟಕ್ಕೆ ದಾವಣಗೆರೆಯಿಂದಲೇ ದುಡ್ಡು ಕಳಿಸಬೇಕಾಗುತ್ತದೆ.

ಹಾಗಾದರೆ ಆ 8 ಲಕ್ಷ ಸುಳ್ಳೇ? ಸುಳ್ಳಾಗಬೇಕಿಲ್ಲ. ಹತ್ತು ಜನರಲ್ಲಿ ಒಬ್ಬಳಿಗೆ ದೊಡ್ಡ ಕಂಪನಿಯಲ್ಲಿ 35 ಲಕ್ಷ, ಉಳಿದ ಒಂಬತ್ತು ಮಂದಿಗೆ ತಲಾ 5 ಲಕ್ಷ ಸಿಕ್ಕರೆ ಸರಾಸರಿ ಸರಿಯಾಗಿ 8 ಲಕ್ಷ. ಆದರೆ 8 ಲಕ್ಷದ ಕೆಲಸ ಒಬ್ಬರಿಗೂ ಸಿಕ್ಕಿಲ್ಲ. ಆದ್ದರಿಂದ ಕೇಳಬೇಕಾದದ್ದು ಮೀಡಿಯನ್, ಅಂದರೆ ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಬಳ. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿಯಲ್ಲಿ ಮೀಡಿಯನ್ ಇದೆಯಲ್ಲ ಅನ್ನಬೇಡಿ, ಅಲ್ಲಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಹುಡುಗರ ಸಂಬಳವೂ ಬೆರೆತಿರುತ್ತದೆ. ‘ನೂರಕ್ಕೆ ನೂರು’ ಎನ್ನುವಾಗಲೂ ಎಷ್ಟು ಜನರಲ್ಲಿ ಎಂದು ಕೇಳಿ. ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರನ್ನು ಮಾತ್ರ ಎಣಿಸಿ, ಉಳಿದವರನ್ನು ‘ಸ್ವಂತ ಉದ್ಯೋಗ’ದ ಖಾತೆಗೆ ಹಾಕುವುದು ಹಳೆಯ ಚಾಳಿ. ನಿಮ್ಮ ಮಗಳು ಸೇರುವ ವಿಭಾಗದಲ್ಲಿ ಕಳೆದ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನ ಸಂಬಳದ ಕೆಲಸಕ್ಕೆ ಸೇರಿದರು, ಇಂಟರ್ನ್‌ಶಿಪ್ಪನ್ನೂ ಕೆಲಸ ಎಂದು ಎಣಿಸಿದ್ದಾರೆಯೇ – ಇಷ್ಟನ್ನು ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನಲ್ಲಿ ಹೇಳಿ ಬರೆದು ಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ. ಎನ್‌ಐಡಿ, ನಿಫ್ಟ್‌ನಂಥ ಕೇಂದ್ರ ಸರ್ಕಾರದ ಡಿಸೈನ್ ಸಂಸ್ಥೆಗಳಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಇದೆ.

ಮುಂದೆ ಸಂಬಳ ಏರುತ್ತದಲ್ಲ ಎನ್ನುವಿರಿ. ಏರುತ್ತದೆ, ಕೈಯಲ್ಲಿ ಗಟ್ಟಿ ಪೋರ್ಟ್‌ಫೋಲಿಯೋ (ಮಾಡಿದ ಕೆಲಸಗಳ ಸಂಗ್ರಹ) ಇದ್ದವರಿಗೆ ಚೆನ್ನಾಗಿಯೇ ಏರುತ್ತದೆ. ಆದರೆ ಪ್ರತಿ ತಿಂಗಳು ಐದನೇ ತಾರೀಖು ಕಂತು ಕಟ್ಟಬೇಕಾದವಳು, ಕೆಲಸ ಕಲಿಸುವ ಸಣ್ಣ ಸ್ಟುಡಿಯೋ ಬಿಟ್ಟು ಐದು ಸಾವಿರ ಹೆಚ್ಚು ಕೊಡುವ ಕಡೆ ಹೋಗುತ್ತಾಳೆ. ಮೂರು ವರ್ಷ ಬಿಟ್ಟು ಪೋರ್ಟ್‌ಫೋಲಿಯೋ ತೆರೆದರೆ ಬರೀ ಹಬ್ಬದ ಆಫರ್‌ನ ಬ್ಯಾನರ್‌ಗಳು. ಅಂಥವನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ನನ್ನ ಅಳತೆ ಸ್ವಲ್ಪ ಪುಕ್ಕಲು ಎನಿಸಬಹುದು: ಕಂತು ಮೊದಲ ಸಂಬಳದ ಮೂರನೇ ಒಂದು ಭಾಗ ದಾಟಬಾರದು. 36,000ಕ್ಕೆ 12,000. ಮೇಲಿನ ಬಡ್ಡಿಗೆ, ಹತ್ತು ವರ್ಷಕ್ಕೆ, ಓದುವಾಗ ಸೇರುವ ಬಡ್ಡಿಯನ್ನೂ ಹಿಡಿದು, ಅಷ್ಟು ಕಂತು ತಡೆಯುವುದು ಸುಮಾರು 6.5 ಲಕ್ಷದ ಸಾಲವನ್ನು. 7.5 ಲಕ್ಷದವರೆಗೆ ಆಸ್ತಿಯ ಆಧಾರವಿಲ್ಲದೆ ಬ್ಯಾಂಕ್ ಸಾಲ ಕೊಡುವ ವ್ಯವಸ್ಥೆಯೇ ಇದೆ. ಸೈಟಿನ ಮಾತೇ ಬರುವುದಿಲ್ಲ. ಉಳಿದ 13.5 ಲಕ್ಷ ಉಳಿತಾಯದಲ್ಲಿದ್ದರೆ ಸೇರಿಸಿ. ಇಲ್ಲದಿದ್ದರೆ ಮೈಸೂರಿನ ಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತುಗಳಲ್ಲಿ ಅಪ್ಲೈಡ್ ಆರ್ಟ್ ಪದವಿ ಇದೆ, ವಿಚಾರಿಸಿ. ಅದು ಮುಗಿಸಿ ಸೀಡ್ ಪ್ರವೇಶ ಪರೀಕ್ಷೆ ಬರೆದು, ಐಐಟಿಗಳಲ್ಲಿ ಎರಡು ವರ್ಷದ ಎಂ.ಡೆಸ್‌ಗೆ (ಡಿಸೈನ್ ಸ್ನಾತಕೋತ್ತರ ಪದವಿಗೆ) ಪ್ರಯತ್ನಿಸಬಹುದು. ಆ ಪರೀಕ್ಷೆಗೆ ವಯಸ್ಸಿನ ಮಿತಿಯೂ ಇಲ್ಲ. ಪಕ್ಕದ ಮನೆಯವರು ‘ಬರೀ ಡ್ರಾಯಿಂಗ್ ಓದುತ್ತಿದ್ದಾಳಾ?’ ಅನ್ನುತ್ತಾರೆ. ಅನ್ನಲಿ, ಕಂತು ಕಟ್ಟುವವರು ಅವರಲ್ಲ.

ಇನ್ನು ಉಳಿದ ಓದುಗರ ಚುಟುಕು ಪ್ರಶ್ನೆಗಳು.

ಎನ್‌ಐಡಿಯಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಸೀಟು ಕೊಡಿಸುತ್ತೇನೆ ಅಂತ ಏಜೆಂಟೊಬ್ಬರು ಅಡ್ವಾನ್ಸ್ ಕೇಳುತ್ತಿದ್ದಾರೆ.

ಅಲ್ಲಿ ಅಂಥ ಕೋಟಾ ಇಲ್ಲವೇ ಇಲ್ಲ. ಪೊಲೀಸರಿಗೆ ಹೇಳಿ, ನನಗಲ್ಲ.

ಡಿಸೈನ್‌ಗೆ ನಾಟಾ ಬರೆದರೆ ಸಾಕೇ?

ಅದು ಆರ್ಕಿಟೆಕ್ಚರ್ ಪರೀಕ್ಷೆ. ಐಐಟಿಗಳಿಗೆ ಯುಸೀಡ್, ಎನ್‌ಐಡಿ, ನಿಫ್ಟ್‌ಗೆ ಅವುಗಳದೇ ಪರೀಕ್ಷೆ.

ಆರು ವಾರದ ಯುಎಕ್ಸ್ (ಆ್ಯಪ್, ವೆಬ್‌ಸೈಟ್ ಬಳಕೆಯ ಡಿಸೈನ್) ಕೋರ್ಸ್, ಕೆಲಸ ಗ್ಯಾರಂಟಿ, ಒಂದೂವರೆ ಲಕ್ಷ. ಸೇರಲೇ?

ಬೇಡ. ಅದಕ್ಕೆ ಬಳಸುವ ಫಿಗ್ಮಾ ತಂತ್ರಾಂಶವನ್ನು ಮನೆಯಲ್ಲೇ ಕೂತು ಪುಕ್ಕಟೆ ಕಲಿಯಬಹುದು.

ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಂತಲ್ಲ, ಸಾಲ ಮಾಡುವುದೇ ಲಾಭವಲ್ಲವೇ?

ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ, ಬಡ್ಡಿಗೆ ಮಾತ್ರ, ಎಂಟು ವರ್ಷ ಮಾತ್ರ. 5 ಲಕ್ಷ ಸಂಬಳದವರಿಗೆ ಹೇಗೂ ತೆರಿಗೆ ಬೀಳುವುದಿಲ್ಲ. ಯಾವುದನ್ನು ಉಳಿಸಲು ಹೊರಟಿದ್ದೀರಿ?